ಆಲೆಮನೆಯ ಬಿಸಿ ಬೆಲ್ಲ

ಜನವರಿ ೨೭, ಮಂಗಳವಾರ

ಇವತ್ತೂ ತಿಂದೆ.

ಯುಗಾದಿಯ ದಿನ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು, ಇದೇ ನನ್ನ ಕೊನೆಯ ಸಿಹಿ ಎಂದು ಹೆಂಡತಿ ಸುಶೀಲಳ ಮುಂದೆ ಹೇಳಿದವನು ನಾನೇ. ಶುಗರ್ ಮುನ್ನೂರು ದಾಟಿತ್ತು, ಹೆದರಿದ್ದೆ. ಆ ಹೆದರಿಕೆ ಎರಡು ತಿಂಗಳೂ ಉಳಿಯಲಿಲ್ಲ. ಈಗ ವಾಕಿಂಗ್ ಎಂದು ಮನೆ ಬಿಟ್ಟು, ನಿಂಗರಾಜನ ಆಲೆಮನೆಯಲ್ಲಿ ಬೆಲ್ಲವನ್ನು ಅಚ್ಚಿಗೆ ಸುರಿಯುವ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುತ್ತೇನೆ.

ಸಂಜೆ ಅವನೇ ಮನೆಗೆ ಬಂದ, ಬಾಳೆ ಎಲೆಯಲ್ಲಿ ಬಿಸಿ ಬೆಲ್ಲ ಕಟ್ಟಿಕೊಂಡು. ನನ್ನ ಗುಟ್ಟು ರಟ್ಟಾಯಿತು ಎಂದುಕೊಂಡೆ. ಅವನು ಪೊಟ್ಟಣವನ್ನು ಸುಶೀಲಳ ಕಡೆ ಚಾಚಿದ.

"ತಕ್ಕೊಳಕ್ಕ, ನಿಂಗೆ ಅಂತ್ಲೇ ತಂದಿವ್ನಿ."

"ಬ್ಯಾಡ ಕಣಪ್ಪ. ಯುಗಾದಿಯಿಂದ ನಾನೂ ಬುಟ್ಟಿವ್ನಿ. ಅವ್ರು ಬಾಯಿ ಕಟ್ಕಂಡಿರುವಾಗ ನಾನೆಂಗ್ ತಿನ್ಲಿ?"

ನನಗೆ ಗೊತ್ತೇ ಇರಲಿಲ್ಲ. ಹತ್ತು ತಿಂಗಳು ಎದುರಿಗೆ ಕೂತು ಕಾಫಿ ಕುಡಿದಿದ್ದಾಳೆ, ಅದಕ್ಕೆ ಸಕ್ಕರೆ ಹಾಕಿಕೊಂಡಳೋ ಇಲ್ಲವೋ ಎಂದು ನಾನು ನೋಡಿಲ್ಲ. ಸಂಕ್ರಾಂತಿಗೆ ಮನೆಗೆ ಬಂದ ಎಳ್ಳು-ಬೆಲ್ಲವನ್ನೆಲ್ಲ ಅವಳು ಬೀದಿಯ ಮಕ್ಕಳಿಗೆ ಹಂಚಿದ್ದು ಈಗ ನೆನಪಾಗುತ್ತಿದೆ. ಅವಳಿಗೆ ಬೆಲ್ಲವೆಂದರೆ ಪ್ರಾಣ. ಅವಳಿಗೆ ಯಾವ ಕಾಯಿಲೆಯೂ ಇಲ್ಲ.

ನಿಂಗರಾಜ ನನ್ನ ಮುಖ ನೋಡಿದ. ಪೊಟ್ಟಣವನ್ನು ವಾಪಸ್ ತೆಗೆದುಕೊಂಡು ಹೋದ. ಅವನು ಅಲ್ಲೇ ಉಗಿದಿದ್ದರೆ ಇಷ್ಟು ಹಿಂಸೆ ಆಗುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಇನ್ನೊಂದ್ ಮುದ್ದೆ ಕೇಳ್ಬ್ಯಾಡಿ, ಶುಗರ್ ಏರ್ತದೆ" ಎಂದಳು. ತಟ್ಟೆಯಲ್ಲಿದ್ದದ್ದನ್ನು ಉಂಡು ಎದ್ದೆ.

ನಾಳೆ ಎದ್ದ ಕೂಡಲೇ ಹೇಳುತ್ತೇನೆ. ವಾಕಿಂಗಿಗೆ ಹೊರಡುವ ಮುಂಚೆಯೇ. ಇಲ್ಲವಾದರೆ, ಹೋಗಿ ಬಂದ ಮೇಲಾದರೂ...