ಗುಡ್ಡ ಹತ್ತುವ ಟಯರು

ಮೇ 19, ಮಂಗಳವಾರ. ಪುತ್ತೂರು, ಬೆಳಿಗ್ಗೆ 10

ಎಂದಿನಂತೆ ಐದೂವರೆಗೆ ಪಂಜದಿಂದ ಹೊರಟದ್ದು. ಟೀಚರು ಮುಂದಿನ ಸೀಟಿನಲ್ಲಿ, ಅವರ ಗಂಡ ಉದಯಣ್ಣ ಹಿಂದೆ. ಏಳಕ್ಕೆ ಡಯಾಲಿಸಿಸ್‌ಗೆ ಒಳಗೆ ಬಿಟ್ಟೆ. ಇನ್ನು ಹನ್ನೊಂದೂವರೆಯವರೆಗೆ ಕಾಯುವುದು. ವಾರಕ್ಕೆ ಎರಡು ದಿನ, ಎರಡು ವರ್ಷದಿಂದ.

ಜೀಪಿನ ಕೆಳಗೆ ಬಗ್ಗಿ ನೋಡಿದೆ. ನಾಲ್ಕೂ ಟಯರು ಬೋಳು. ಮಳೆಗೆ ಇನ್ನು ಹದಿನೈದು ದಿನ ಇಲ್ಲ. ಟೀಚರ ಮನೆಗೆ ಕಾಂಕ್ರೀಟು ಮುಗಿದ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ಏರು. ಸಾದಾ ಟಯರು ಆಗುವುದಿಲ್ಲ. ಆಲ್ ಟೆರೇನ್ ಬೇಕು, ಡಾಂಬರಿಗೂ ಕೆಸರಿಗೂ ಆಗುವಂಥದ್ದು.

ಬೊಳುವಾರಿನ ಅಂಗಡಿಯಲ್ಲಿ ಕೇಳಿದೆ. ಒಂದಕ್ಕೆ ಏಳು ಸಾವಿರದ ಒಂಬೈನೂರು. ಹಿಂದಿನ ಸಲ ಐದು ಸಾವಿರದ ನಾನೂರು ಕೊಟ್ಟಿದ್ದೆ.

"ಒಂದನೇ ತಾರೀಕಿನಿಂದ ಇನ್ನೂ ಏರ್ತದೆ. ಈಗಲೇ ಹಾಕಿಸಿ," ಅಂದರು.

ಮಾರುವವರು ಹಾಗೆ ಹೇಳುವುದೇ. ಮತ್ತೆ ಬರ್ತೇನೆ ಅಂದೆ.

ಮೇ 22, ಶುಕ್ರವಾರ

ದರ್ಬೆಯಲ್ಲಿ ಇನ್ನೆರಡು ಅಂಗಡಿ. ಒಂದರಲ್ಲಿ ಅದೇ ರೇಟು. ಇನ್ನೊಂದರಲ್ಲಿ ಹೆಸರೇ ಕೇಳದ ಕಂಪೆನಿಯದ್ದು, ಆರು ಸಾವಿರದ ಮುನ್ನೂರು. ಬೆರಳಲ್ಲಿ ಒತ್ತಿದರೆ ರಬ್ಬರು ಮೆತ್ತಗೆ. ಮನಸ್ಸು ಬರಲಿಲ್ಲ.

ವಾಪಸು ಬರುವಾಗ ಟೀಚರು ಕೇಳಿದರು. "ಎಂತ ದೇರಣ್ಣ, ಮೋರೆ ಸಣ್ಣ ಮಾಡಿದ್ದೀ?"

"ಟಯರಿಗೆ ರೇಟ್ ಸಿಕ್ಕಾಪಟ್ಟೆ ಆಗಿದೆ ಟೀಚರೇ."

"ಅರ್ಧ ನಾನು ಕೊಡ್ತೇನೆ. ನನಗಾಗಿ ಅಲ್ವಾ ಗುಡ್ಡ ಹತ್ತುದು ನೀನು?"

"ಬೇಡ ಟೀಚರೇ. ಜೀಪು ನನ್ನದು."

"ಮೂರನೇ ಕ್ಲಾಸಲ್ಲೂ ಹೀಗೇ ಇದ್ದೆ. ಸ್ಲೇಟು ಕಡ್ಡಿ ಕೊಟ್ಟರೆ ತಗೊಳ್ತಿರಲಿಲ್ಲ," ಅಂದು ನಕ್ಕರು. ಡಯಾಲಿಸಿಸ್ ದಿನ ಅವರು ನಗುವುದು ಕಡಿಮೆ.

ಮೇ 24, ಆದಿತ್ಯವಾರ. ಸುಳ್ಯ

ಸೆಕೆಂಡ್ ಹ್ಯಾಂಡ್ ಟಯರಿನ ಅಲಿ ಕುಂಞಿಯವರ ಹತ್ತಿರ ಹೋದೆ. ಹಳೆ ಪರಿಚಯ. ಎಸ್ಟೇಟಿನವರೊಬ್ಬರು ಜೀಪಿಗೆ ಹೊಸತು ಹಾಕಿಸುತ್ತಾರಂತೆ. ತೆಗೆದ ನಾಲ್ಕು ಆಲ್ ಟೆರೇನ್ ಇವರಿಗೆ ಬರುತ್ತದೆ. ಬರೇ ಎಂಟು ಸಾವಿರ ಕಿಲೋಮೀಟರ್ ಓಡಿದ್ದು. ನಾಲ್ಕಕ್ಕೆ ಹದಿನಾರು ಸಾವಿರ.

"ಹತ್ತು ದಿನ ಕಾಯಿರಿ ಮಾರಾಯ್ರೆ. ಅರ್ಜೆಂಟ್ ಎಂತ ಉಂಟು?"

ಹದಿನಾರು! ಹೊಸತರ ಅರ್ಧ. ಖುಷಿಯಲ್ಲಿ ಹೆಂಡತಿ ಸೇವಂತಿಗೆ ಒಂದು ಕೆ.ಜಿ. ಮೀನು ತಂದೆ. ಇವಳು ಮಾತ್ರ, "ಹತ್ತು ದಿನದಲ್ಲಿ ಮಳೆ ಬಂದರೆ?" ಅಂದಳು.

ಜೂನ್ 5, ಶುಕ್ರವಾರ



ಮಂಗಳವಾರದಿಂದ ಮಳೆ. ಇವತ್ತು ಟೀಚರನ್ನು ಗುಡ್ಡದಿಂದ ಇಳಿಸಿಕೊಂಡು ಬರುವಾಗ ಎರಡನೇ ತಿರುವಿನಲ್ಲಿ ಜೀಪು ನನ್ನ ಮಾತು ಕೇಳಲಿಲ್ಲ. ಬ್ರೇಕ್ ಒತ್ತಿದರೂ ಜಾರಿತು... ಜಾರಿತು... ಗೇರುಮರಕ್ಕೆ ತಾಗಿ ನಿಂತಿತು. ಮರ ಇಲ್ಲದಿದ್ದರೆ ಕೆಳಗೆ ತುಂಬಿ ಹರಿಯುವ ತೋಡು.

ಯಾರಿಗೂ ಪೆಟ್ಟಾಗಲಿಲ್ಲ. ಉದಯಣ್ಣ ಬಿಳುಚಿಕೊಂಡಿದ್ದರು. ಟೀಚರು ನನ್ನ ಭುಜ ಮುಟ್ಟಿ, "ಉಸಿರು ಬಿಡು ದೇರಣ್ಣ," ಅಂದರು.

ಆಮೇಲೆ ನೆರೆಯವರನ್ನು ಕರೆದು, ಟೀಚರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಇಳಿಸಿದೆವು. ಒಬ್ಬ ಕೊಡೆ ಹಿಡಿದ. ಟೀಚರ ಸೀರೆಯೆಲ್ಲ ನೆನೆದು ಚಂಡಿ. ಕಾಂಕ್ರೀಟು ಮುಟ್ಟಿದಲ್ಲಿಂದ ರಿಕ್ಷಾ. ಪುತ್ತೂರು ತಲುಪುವಾಗ ಹನ್ನೊಂದು. ಮೆಷಿನ್ ಬೇರೆಯವರಿಗೆ ಕೊಟ್ಟಾಗಿತ್ತು. ನಾಳೆ ಬನ್ನಿ ಅಂದರು.

ಜೂನ್ 7, ಆದಿತ್ಯವಾರ

ಮಳೆಗಾಲ ಮುಗಿಯುವವರೆಗೆ ಟೀಚರು, ಉದಯಣ್ಣ ಪುತ್ತೂರಿನಲ್ಲೇ ಇರುವುದೆಂದು ನಿಶ್ಚಯ. ಆಸ್ಪತ್ರೆಯ ಹಿಂದೆ ಒಂದು ರೂಮು. ಸಾಮಾನು ಸಾಗಿಸಿ ಬಂದೆ. ಎರಡು ಚಾಪೆ, ಕುಕ್ಕರ್, ಟೀಚರ ಕನ್ನಡಕದ ಡಬ್ಬಿ. ಮಕ್ಕಳಿಲ್ಲದವರು, ಇಬ್ಬರೇ. ಕಿಟಕಿ ತೆಗೆದರೆ ಎದುರಿಗೆ ಗೋಡೆ.

ಟೀಚರು ಮನೆಯ ಬೀಗದ ಕೈಯನ್ನು ಸೇವಂತಿಗೆಂದು ಕೊಟ್ಟರು. "ಟಯರ್ ಹಾಕಿಸಿದ ಮೇಲೆ ಒಂದು ಆದಿತ್ಯವಾರ ಕರಕೊಂಡು ಹೋಗು. ಒಂದು ದಿನ ನನ್ನ ಹಾಸಿಗೆಯಲ್ಲಿ ಮಲಗಿ ಬರ್ತೇನೆ. ಹೆಚ್ಚೇನೂ ಬೇಡ."

"ಮುಂದಿನ ವಾರವೇ ಟೀಚರೇ."

ಜೂನ್ 16

ಎಸ್ಟೇಟಿನ ಟಯರು ಹೋಯಿತು. ಯಾರೋ ಹದಿನೆಂಟು ಕೊಟ್ಟರಂತೆ. "ನಿಮಗೆ ಮೂರು ಸಲ ಫೋನ್ ಮಾಡಿದೆ ಮಾರಾಯ್ರೆ, ರೇಂಜೇ ಇಲ್ಲ," ಅಂದರು ಅಲಿ ಕುಂಞಿ. ಸುಳ್ಳಲ್ಲ. ಕರೆಂಟ್ ಹೋದರೆ ನಮ್ಮಲ್ಲಿ ಟವರೂ ಹೋಗುತ್ತದೆ.

ಬೊಳುವಾರಿಗೆ ಫೋನ್ ಮಾಡಿದೆ. ಈಗ ಎಂಟು ಸಾವಿರದ ನಾನೂರು. ಸ್ಟಾಕ್ ಉಂಟಂತೆ. ಇಟ್ಟುಬಿಟ್ಟೆ ಫೋನನ್ನು. ಒಂದೇ ತಿಂಗಳಲ್ಲಿ ಒಂದಕ್ಕೆ ಐನೂರು! ನಾವು ಮಾರುವ ರಬ್ಬರ್ ಶೀಟಿಗೆ ಯಾರೂ ಹೀಗೆ ಏರಿಸುವುದಿಲ್ಲ.

ಜೂನ್ 21, ಆದಿತ್ಯವಾರ. ಕಡಬ

ಸೂರಜ್ ಎಂಬವನ ಅಂಗಡಿ. ಏಳು ಸಾವಿರಕ್ಕೆ ಕೊಡುತ್ತೇನೆಂದ. ಬದಿಯ ನಂಬರು ನೋಡಿದರೆ ಐದು ವರ್ಷ ಹಿಂದಿನ ಮಾಲು, ಸಣ್ಣಗೆ ಬಿರುಕು. ಅವನೇ ಹೇಳಿದ, "ಅದಕ್ಕೇ ಕಡಿಮೆ ಅಣ್ಣ. ಗುಡ್ಡೆಗೆ ಬೇಕಾದ್ರೆ ನಾನು ಕೊಡುದಿಲ್ಲ."

ಬರಿಗೈಯಲ್ಲಿ ಮನೆಗೆ. ಸೇವಂತಿ ಬಾಗಿಲಲ್ಲೇ ಕೇಳಿದಳು. "ಪುತ್ತೂರು, ಸುಳ್ಯ, ಕಡಬ... ತಿರುಗಿದ ಡೀಸೆಲಿಗೇ ಒಂದು ಟಯರ್ ಬರ್ತಿತ್ತು. ಅವರು ಅಲ್ಲಿ ದಿನ ಎಣಿಸಿಕೊಂಡು ಕೂತಿದ್ದಾರೆ."

ಬೈದುಬಿಟ್ಟೆ ಅವಳನ್ನು. ಬೈಯಬಾರದಿತ್ತು.

ಜೂನ್ 28

ಟೀಚರ ಫೋನು. ಸ್ವರ ತುಂಬ ಸಣ್ಣ.

"ಟಯರ್ ಆಯ್ತಾ?"

"ಮುಂದಿನ ವಾರ ಟೀಚರೇ. ಸ್ವಲ್ಪ ರೇಟ್ ಇಳೀಲಿ ಅಂತ."

"ಆಯ್ತು. ಆಟಿ ತಿಂಗಳ ಜಡಿಮಳೆ ಹಿಡಿಯುವ ಮೊದಲು ಆದ್ರೆ ಒಳ್ಳೇದಿತ್ತು. ಇಲ್ಲಿ ಮಳೆಯ ಸ್ವರವೇ ಕೇಳುದಿಲ್ಲ ಮಾರಾಯ. ಬರೇ ಬಸ್ಸು."

ಯಾಕೆ ಹಟ ಹಿಡಿದಿದ್ದೇನೆಂದು ನನಗೇ ಗೊತ್ತಿಲ್ಲ. ಕೈಯಲ್ಲಿ ಇಲ್ಲವೆಂದಲ್ಲ. ಶೀಟು ಮಾರಿದರೆ ಆಗುತ್ತದೆ. ಏಳೂ ಒಂಬೈನೂರಕ್ಕೆ ಬೇಡ ಅಂದವನು ಎಂಟೂ ನಾನೂರು ಕೊಡುವುದು ಹೇಗೆ? ಮೂರ್ಖ ಆದ ಹಾಗಲ್ವಾ? ಇದೊಂದೇ ತಲೆಯಲ್ಲಿ.

ಜುಲೈ 9, ಗುರುವಾರ

ಹಾಕಿಸಿದೆ. ಒಂದಕ್ಕೆ ಎಂಟು ಸಾವಿರದ ಒಂಬೈನೂರು. ಚೌಕಾಸಿ ಮಾಡದೆ ಕೊಟ್ಟೆ.

ಅಲ್ಲಿಂದ ನೇರ ರೂಮಿಗೆ. ಟೀಚರಿಗೆ ಕಾಲು ಬಾತಿದೆ, ಮುಖವೂ. ಆದರೂ ಉದಯಣ್ಣನ ಕೈ ಹಿಡಿದು ಕಿಟಕಿಗೆ ಬಂದು ಜೀಪು ನೋಡಬೇಕೆಂದರು. ಕಿಟಕಿಯಲ್ಲಿ ಗೋಡೆ ಮಾತ್ರ. ಫೋಟೋ ತೆಗೆದು ತೋರಿಸಿದೆ.

"ಆದಿತ್ಯವಾರ ಅಲ್ವಾ? ಸೇವಂತಿಗೆ ಹೇಳು, ಬಾಗಿಲು ತೆಗೆದು ಸ್ವಲ್ಪ ಹೊಗೆ ಹಾಕಲಿ. ಹಾಸಿಗೆಗೆ ಬೂಸ್ಟು ಹಿಡಿದಿರ್ತದೆ."

ಜುಲೈ 11, ಶನಿವಾರ

ಬೆಳಿಗ್ಗೆ ಎಂಟಕ್ಕೆ ಉದಯಣ್ಣನ ಫೋನು. "ದೇರಣ್ಣ, ಇವಳು ಹೋದಳು." ಅಷ್ಟೇ.

ಆಂಬುಲೆನ್ಸ್ ಕಾಂಕ್ರೀಟು ಮುಗಿಯುವಲ್ಲಿಯವರೆಗೆ ಬಂತು. ಡ್ರೈವರ್ ಇಳಿದು ಕೆಸರು ನೋಡಿ ಆಗುವುದಿಲ್ಲವೆಂದು ಕೈಯಾಡಿಸಿದ. ಜೀಪಿನ ಹಿಂದಿನ ಸೀಟು ಮಡಚಿ ಅಲ್ಲಿ ಮಲಗಿಸಿದೆವು. ಉದಯಣ್ಣ ಕಾಲ ಬಳಿ ಕೂತರು.

ಫಸ್ಟ್ ಗೇರ್. ಮಳೆ ಜೋರು. ಮೊದಲ ತಿರುವು, ಎರಡನೆಯದು, ಗೇರುಮರ, ಏರು. ಒಂದು ಸಲವೂ ಜಾರಲಿಲ್ಲ. ಕಚ್ಚಿ ಹಿಡಿದು ಹತ್ತಿತು.

ಅಂಗಳದಲ್ಲಿ ನಿಲ್ಲಿಸುವಾಗ ಉದಯಣ್ಣ ಹಿಂದಿನಿಂದ ಹೇಳಿದರು, "ಟಯರ್ ಒಳ್ಳೇದುಂಟು ದೇರಣ್ಣ."

ಸ್ಟೇರಿಂಗ್ ಬಿಟ್ಟು ಇಳಿಯಲು ನನ್ನಿಂದ ಆಗಲಿಲ್ಲ. ಸೇವಂತಿ ಬಂದು ಬಾಗಿಲು ತೆಗೆದಳು.

ಜುಲೈ 15, ಬುಧವಾರ

ಉದಯಣ್ಣನ ಜೊತೆ ಪುತ್ತೂರಿಗೆ ಹೋಗಿ ರೂಮು ಖಾಲಿ ಮಾಡಿ ಬಂದೆ. ಮುಂದಿನ ಸೀಟಿನಲ್ಲಿ ಅವರು ಕೂರಲಿಲ್ಲ. ಹಿಂದೆಯೇ.

ಕುಂಬ್ರ ದಾಟಿದ ಮೇಲೆ, ಸುಮ್ಮನೆ ಮಾತಿಗೆಂಬಂತೆ ಕೇಳಿದರು.

"ಎಲ್ಲಿ ಸಿಕ್ಕಿತು ಕಡೆಗೆ ಈ ಟಯರ್?"

"ಬೊಳುವಾರಿನಲ್ಲಿ."

"ಮೊದಲು ಅಲ್ಲಿ ಇರಲಿಲ್ವಾ?"

ಕೋಪದಲ್ಲಿ ಅಲ್ಲ. ಗೊತ್ತಿಲ್ಲದೆ ಕೇಳಿದ್ದು. ವೈಪರ್ ಅತ್ತ ಇತ್ತ ಹೋಗುತ್ತಿತ್ತು. ಕನ್ನಡಿಯಲ್ಲಿ ಅವರ ಮುಖ. ಉತ್ತರಕ್ಕೆ ಕಾಯುತ್ತಿದ್ದರು. "ಇತ್ತು ಉದಯಣ್ಣ," ಅಂದೆ. "ಮೇ ತಿಂಗಳಲ್ಲೇ ಇತ್ತು."