ಬಾಟಲಿ ಖಾಲಿ, ಹಂತ ಮೂರು

ನವೆಂಬರ್ 12, ಸಂಜೆ

ಮತ್ತೊಂದು ಕಾಡಿಲಿ ಜ್ವರ. ಚಳಿಗಾಲಕ್ಕೆ ಮುಂಚೆ ನಮ್ಮ ಕುವೊಪಿಯೊ ಊರಿನ ಸುತ್ತಿನವರೆಲ್ಲ ಸೌದೆಮನೆ ಗುಡಿಸುತ್ತಾರೆ, ಇಲಿಹಿಕ್ಕೆಯ ಧೂಳು ಮೂಗಿಗೇರಿಸಿಕೊಳ್ಳುತ್ತಾರೆ, ನಮ್ಮ ವಾರ್ಡಿಗೆ ಬರುತ್ತಾರೆ. ಇವರು ಒಸ್ಮೊ ರಿಸಾನೆನ್, ಎಪ್ಪತ್ತು ದಾಟಿದೆ. ಮೂತ್ರಪಿಂಡ ಸೊರಗಿದೆ. ರಕ್ತದಲ್ಲಿ ಸೋಸದೆ ಉಳಿದ ಕಸ, ಕ್ರಿಯೇಟಿನಿನ್, ಬೇಸಿಗೆಯಲ್ಲಿದ್ದದ್ದರ ಎರಡರಷ್ಟು — ಅಂದರೆ ಮೂತ್ರಪಿಂಡ ಹಾನಿಯ ಮೂರು ಹಂತಗಳಲ್ಲಿ ಎರಡನೆಯದು. ಡ್ರಿಪ್ ಹಾಕಿದೆ. ಮೂತ್ರವೆಲ್ಲ ಬಾಟಲಿಗೇ ಎಂದೆ. ತಲೆಯಾಡಿಸಿದರು. ಅಷ್ಟೇ.

ನವೆಂಬರ್ 13

ಬಾಟಲಿಯಲ್ಲಿ ಏನಾದರೂ ಇದೆಯಾ ಎಂದರೆ "ಇಲ್ಲ." ನೋಡಿದೆ, ಒಣಗಿದೆ. ಸ್ಕ್ಯಾನ್ ಮಾಡಿದರೆ ಮೂತ್ರಕೋಶವೂ ಖಾಲಿ. ಮೂತ್ರಕ್ಕೆ ನಳಿಕೆ ಹಾಕೋಣವೇ ಎಂದರೆ "ಬೇಡ." ರಕ್ತದ ಲೆಕ್ಕದಲ್ಲಿ ಎರಡನೇ ಹಂತ, ಮೂತ್ರದ ಲೆಕ್ಕದಲ್ಲಿ ಮೂರನೆಯದು. ಎರಡರಲ್ಲಿ ಕೆಟ್ಟದ್ದನ್ನೇ ಹಿಡಿಯಬೇಕು. 3 ಎಂದು ಬರೆದೆ. ಪೊಟ್ಯಾಸಿಯಂ ಬೇರೆ ಏರುತ್ತಿದೆ, ಹೃದಯಕ್ಕೆ ಅಪಾಯ.

ಹಿರಿಯ ಡಾಕ್ಟರ್ ಮಾರ್ಕೆತ್ತಾ ಬಂದರು. "ನಾಳೆ ಬೆಳಿಗ್ಗೆನೂ ಹೀಗೇ ಇದ್ರೆ ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಶುರು ಮಾಡೋಣ."

"ಪ್ಲೇಟ್‌ಲೆಟ್ ತಳ ಕಂಡಿದೆ. ರಕ್ತ ನಿಲ್ಲದಿದ್ರೆ?"

"ನಂಗೂ ಗೊತ್ತು ಕಣೇ. ಮೂರು ಅಂತ ಬರೆದೋಳು ನೀನೇ ಅಲ್ವಾ?"

ಹೌದು, ನಾನೇ. ಹೆದರಿಕೆಯಾಗಿದೆ.

ನವೆಂಬರ್ 14, ಬೆಳಿಗ್ಗೆ

ಸೂಜಿಯ ಟ್ರೇ ಬಿಚ್ಚಿಟ್ಟಿದ್ದರು. ಚುಚ್ಚುವ ಮುಂಚೆ ತೂಕ ನೋಡಿದೆ. ನಿನ್ನೆಗಿಂತ ಕಡಿಮೆ! ಡ್ರಿಪ್ಪಿನಲ್ಲಿ ಎರಡು ಲೀಟರ್ ಒಳಗೆ ಹೋಗಿದೆ... ಎಲ್ಲಿ ಹೋಯಿತು? ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದೆ.

"ಒಸ್ಮೊ, ಉಚ್ಚೆ ಹೊಯ್ದ್ರಾ?"

"ಹ್ಞೂಂ. ಈಗಷ್ಟೇ. ನಿನ್ನೆ ಆ ಸ್ಕ್ಯಾನಿಗೆ ಮುಂಚೇನೂ."

"ಎಲ್ಲಿ?"

"ಇನ್ನೆಲ್ಲಿ? ಕಕ್ಕಸಲ್ಲಿ. ನಾನು ಹೊಯ್ದದ್ದನ್ನ ಮೊಮ್ಮಗಳ ವಯಸ್ಸಿನ ಹುಡುಗೀರು ಹೊತ್ಕೊಂಡು ಓಡಾಡೋದಾ? ಮಾನ ಇಲ್ವಾ ನಂಗೆ?"

"ನಿನ್ನೆ ಕೇಳಿದಾಗ ಹೇಳಬಾರದಿತ್ತಾ?"

"ಬಾಟಲೀಲಿ ಏನಾದ್ರೂ ಇದೆಯಾ ಅಂತ ಕೇಳಿದ್ರಿ. ಇಲ್ಲ ಅಂದೆ. ಇರ್ಲಿಲ್ಲವಲ್ಲ!"

ನಗು ಬಂತು. 3 ಹೊಡೆದು ಹಾಕಿ 2 ಬರೆದೆ. ಪೊಟ್ಯಾಸಿಯಂಗೆ ಔಷಧಿ ಸಾಕು. ಮಾರ್ಕೆತ್ತಾ ಟ್ರೇ ತೆಗೆಸಿ ಕಾಫಿ ಬಗ್ಗಿಸಿ ಕೊಟ್ಟರು. ಇನ್ನು ಮೇಲೆ ಬಾಟಲಿಗೆ ಪತ್ರಿಕೆ ಸುತ್ತಿ ಕೊಂಡೊಯ್ಯುವುದೆಂದು ಒಸ್ಮೊ ಜೊತೆ ಒಪ್ಪಂದ.

ನವೆಂಬರ್ 17

ಒಂದನೇ ಹಂತ. ಈ ಜ್ವರ ಬಿಡುವಾಗ ಹೀಗೇ — ಮೂತ್ರ ಕೊಡಗಟ್ಟಲೆ. ಪತ್ರಿಕೆಯೂ ಬೇಡವಾಗಿದೆ. ಒಂದು ಸಲವೂ ಕರೆಗಂಟೆ ಒತ್ತದ ಮನುಷ್ಯ ಈಗ ಇಡೀ ವಾರ್ಡಿಗೆ ಕೇಳುವಂತೆ ಕೂಗುತ್ತಾರೆ: "ಡಾಕ್ಟ್ರೇ, ಮತ್ತೆ ತುಂಬ್ತು! ಬರ್ಕೊಳ್ಳಿ!"

ಬಿಡುಗಡೆ ಪತ್ರ ಬರೆಯಲು ಕೂತೆ. ಸೌದೆಮನೆ ಗುಡಿಸುವ ಮುಂಚೆ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್...

ಗಂಟೆ. ಅವರೇ. ಈ ಸಲ ಎಷ್ಟು ಎಂದು ನೋಡಿ ಬಂದು ಪತ್ರ ಮುಗಿಸುವೆ—