ಸುಟ್ಟ ಗುಡ್ಡಕ್ಕೆ ಹಸಿರು ಲೆಕ್ಕ

ಮಳೆನೀರಿನ ಲೆಕ್ಕ ಹಾಕುವ ಕಚೇರಿಯ ಮುಖ್ಯ ಎಂಜಿನಿಯರರೇ,

ನಮ್ಮ ಬೀದಿಯ ಹಿಂದಿನ ಗುಡ್ಡ ಈ ಬೇಸಿಗೆಯ ಕಾಳ್ಗಿಚ್ಚಿನಲ್ಲಿ ಬೋಳಾಯಿತು. ತಮ್ಮ ಕಡತದಲ್ಲಿ ಮಾತ್ರ ಅದು ಇಂದಿಗೂ ದಟ್ಟ ಕಾಡು. ಬೆಂಕಿಗೂ ತಮ್ಮ ಕಚೇರಿ ಕಂಡರೆ ಭಯವೇನೋ! ಆ ಕಾಗದದ ಕಾಡು ಹೀರಬೇಕಿದ್ದ ನೀರೆಲ್ಲ ಕಳೆದ ವಾರ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂತು. ಅಪಾಯಿಂಟ್‌ಮೆಂಟ್ ಇರಲಿಲ್ಲ.

ಆ ಮಧ್ಯಾಹ್ನ ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದವರು ತಮ್ಮದೇ ಕಚೇರಿಯ ಕಿರಿಯ ಎಂಜಿನಿಯರ್. ಮಳೆ ಜೋರಾದಾಗ, ರಸ್ತೆಯಡಿಯ ಮೋರಿ ತಡೆಯುತ್ತದೆಯೇ ಎಂದು ಕೇಳಿದೆ. ಇಂಥ ಮಳೆ ಲೆಕ್ಕದಲ್ಲೇ ಇದೆ ಎಂದು ಭರವಸೆ ಕೊಟ್ಟು ಮತ್ತೆ ಬಾಯಿ ತೆರೆದರು. ನಾನೂ ನಂಬಿ ಅರಿವಳಿಕೆ ಚುಚ್ಚಿದೆ.

ಸ್ವಲ್ಪ ಹೊತ್ತಿಗೆ ಬೂದಿ ಕಲಸಿದ ಕಪ್ಪು ನೀರು ಸುಟ್ಟ ಕೊಂಬೆಗಳ ಸಮೇತ ಒಳಗೆ ನುಗ್ಗಿತು. ರಿಸೆಪ್ಷನ್ ನೋಡಿಕೊಳ್ಳುವ ನನ್ನ ಅತ್ತೆಗೆ ಮಂಡಿನೋವು, ಓಡುವ ಮಾತೇ ಇಲ್ಲ. ಮೇಜು ಹಿಡಿದು ನಿಂತಿದ್ದವರ ಕಾಲು ಜಾರಿತು. ತಮ್ಮ ಎಂಜಿನಿಯರ್ ಕುರ್ಚಿಯಿಂದ ಹಾರಿ ಅವರನ್ನು ಹಿಡಿದರು. ಇಬ್ಬರೂ ಸೇರಿ ಅತ್ತೆಯನ್ನು ಆ ಕುರ್ಚಿಯಲ್ಲೇ ಕೂರಿಸಿ, ಕರೆಂಟ್ ಹೋಗುವ ಮೊದಲು ಆದಷ್ಟು ಮೇಲಕ್ಕೆ ಏರಿಸಿದೆವು.

ಅತ್ತೆ ಮೇಲಿನಿಂದ ಕೇಳಿದರು: "ಏನಪ್ಪಾ, ಇದೂ ನಿಮ್ಮ ಲೆಕ್ಕದಲ್ಲಿತ್ತಾ?"

"ಲೆಕ್ಕ ಹಾಕಿದ್ದು ಗುಡ್ಡ ಸುಡೋಕೆ ಮುಂಚೆ, ಅಮ್ಮಾ. ಬದಲಾಯಿಸೋಣ ಅಂದೆ. ಸಾಹೇಬ್ರು ಬೇಡ ಅಂದ್ರು."

ಅವರನ್ನು ದಂಡಿಸಬೇಡಿ. ಅರಿವಳಿಕೆ ಕೊಟ್ಟ ನಾಲಿಗೆ ಅವರ ಹಿಡಿತದಲ್ಲಿರಲಿಲ್ಲ.

ಮಾನ್ಯರೇ, ತರಗೆಲೆ, ಬೇರು ಇದ್ದಾಗ ಗುಡ್ಡ ಮಳೆಯನ್ನು ಹೀರುತ್ತಿತ್ತು. ಸುಟ್ಟ ಮಣ್ಣು ಮೇಣ ಬಳಿದಂತಾಗಿ, ಬಿದ್ದ ನೀರು ಬಿದ್ದಂತೆ ಕೆಳಗೆ ಜಾರುತ್ತದೆ. ಇದು ತಮ್ಮ ಎಂಜಿನಿಯರರಿಗೆ ಗೊತ್ತು, ಈಗ ನನ್ನ ಅತ್ತೆಗೂ ಗೊತ್ತು. ತಮಗೊಬ್ಬರಿಗೇ ಗೊತ್ತಿಲ್ಲವೆಂದು ಹೇಗೆ ನಂಬಲಿ? ಕಿತ್ತ ಹಲ್ಲು ಇದೆ ಎಂದುಕೊಂಡೇ ಅಗಿಯಿರಿ ಎಂದು ನಾನು ರೋಗಿಗೆ ಹೇಳಿದರೆ ಬಾಗಿಲ ಮೇಲೆ ನನ್ನ ಬೋರ್ಡು ಉಳಿಯುತ್ತದೆಯೇ?

ಮುಂದಿನ ದೊಡ್ಡ ಮಳೆಗೆ ಮೊದಲು ಖುದ್ದಾಗಿ ಗುಡ್ಡ ಹತ್ತಿ. ಸುಟ್ಟ ನೆಲ ನೋಡಿ, ಆ ನೆಲಕ್ಕೇ ಲೆಕ್ಕ ಹಾಕಿ, ಅಷ್ಟು ನೀರು ಹಿಡಿಸುವ ಮೋರಿ ಕಟ್ಟಿಸಿ. ಈಗ ಮೋಡ ಕಂಡರೆ ಸಾಕು, ನಮ್ಮ ಬೀದಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ನೆಂಟರ ಮನೆಗೆ ಹೊರಡುತ್ತಾರೆ. ಇಷ್ಟು ನೆಂಟಸ್ತನವನ್ನು ಯಾವ ನೆಂಟರೂ ತಡೆಯಲಾರರು.

ಇಂತಿ,
ಹಲ್ಲು ಕಡಿಯಬೇಡಿ ಎಂದು ಊರಿಗೆಲ್ಲ ಹೇಳಿ, ತಾನೇ ಹಲ್ಲು ಕಡಿಯುತ್ತಿರುವ ದಂತವೈದ್ಯೆ